ನನಗ ಕಾಣೂ ಹಂಗ ಹೇಳು

ನಮ್ಮ ಸಿಂಚನಾಗೆ ಇಂಗ್ಲಿಷ್ ಹೋಮ್‌ವರ್ಕಿನಲ್ಲಿ ಸೊನ್ನೆ ಬಂದಾಗ ನಾನು ಬೈದದ್ದು ಮೊಮ್ಮಗಳನ್ನಲ್ಲ, ಅವಳ ಹಣೆಗೆ ಕಟ್ಟುವ ಆ ಪಟ್ಟಿಯನ್ನು. ಗದಗಿನ ಕರೆಂಟ್ ಆಫೀಸಿನಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತೇ ನನ್ನ ತಲೆ ಹಣ್ಣಾಗಿದೆ. ಕರೆಂಟು ಹೋಗುವುದೇ ತಡ, ಊರಿಗೆ ಊರೇ ನನ್ನ ಕಿವಿಗೆ ಬೈಗುಳ ಸುರಿಯುತ್ತಿತ್ತು. ಅಷ್ಟೆಲ್ಲ ಕೇಳಿಸಿಕೊಂಡವಳು ಈಗ ಮುದುಕಿಯಾದ ಮೇಲೆ ಒಂದಿಷ್ಟು ತಿರುಗಿ ಬೈದರೆ ತಪ್ಪೇನು? ಈಗ ಆ ಕುರ್ಚಿಯಲ್ಲಿ ಮನುಷ್ಯರಿಲ್ಲ. ಯಂತ್ರವೇ ಫೋನ್ ಎತ್ತುತ್ತದೆ, ಎಷ್ಟು ಬೈದರೂ ಅದಕ್ಕೆ ಬೇಜಾರಿಲ್ಲವಂತೆ.

ಆ ಪಟ್ಟಿಯ ಹೆಸರು ‘ಸಾಕ್ಷಿ’. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುತ್ತಾರಲ್ಲ, ಅದರ ಹಾಗೇ ಕಾಣುವುದರಿಂದ ಹೈಸ್ಕೂಲು ಮಕ್ಕಳೆಲ್ಲ ಅದಕ್ಕೆ ಬಾಸಿಂಗ ಎನ್ನುತ್ತಾರೆ. ಒಂದು ಕಾಲದಲ್ಲಿ ಮಕ್ಕಳ ಹೋಮ್‌ವರ್ಕನ್ನೆಲ್ಲ ಯಂತ್ರಗಳೇ ಬರೆದುಕೊಡತೊಡಗಿದವು. ಮೇಷ್ಟ್ರು ಓದಿ ಮೆಚ್ಚಿದ್ದು ಯಂತ್ರವನ್ನೋ ಮಗುವನ್ನೋ ಯಾರಿಗೂ ತಿಳಿಯದಂತಾಯಿತು. ಆಗ ಬಂತು ಈ ಬಾಸಿಂಗ. ನಾವು ಮನಸ್ಸಿನಲ್ಲಿ ವಿಚಾರ ಮಾಡುವಾಗ, ತುಟಿ ಅಲ್ಲಾಡದಿದ್ದರೂ ಮಿದುಳಿನ ಮಾತಿನ ಭಾಗ ಮಾತಾಡುತ್ತಲೇ ಇರುತ್ತದಂತೆ. ಆ ಒಳಮಾತನ್ನು ಪಟ್ಟಿ ಹಿಡಿಯುತ್ತದೆ. ಒಳಗೆ ಹುಟ್ಟಿದ್ದಕ್ಕೂ ಹಾಳೆಯ ಮೇಲೆ ಬಂದದ್ದಕ್ಕೂ ತಾಳೆಯಾದರೆ ಮಾರ್ಕು, ಆಗದಿದ್ದರೆ ಸೊನ್ನೆ. ಗಣಿತಕ್ಕೆ ಇದು ಬೇಡ. ಇಂಗ್ಲಿಷ್ ಸಾಹಿತ್ಯಕ್ಕೆ, ಹೊಸದಾಗಿ ಹೈಸ್ಕೂಲಿಗೆ ತಂದ ತತ್ವಶಾಸ್ತ್ರಕ್ಕೆ ಈ ವರ್ಷದಿಂದ ಕಡ್ಡಾಯ. ಆ ಎರಡರಲ್ಲಿ ಹೋಮ್‌ವರ್ಕಿನ ಮಾರ್ಕಿಲ್ಲದೆ ಹತ್ತನೆಯ ಕ್ಲಾಸು ಪಾಸಾಗುವ ಹಾಗಿಲ್ಲ.

ಮುಳಗುಂದ ಸರ್ ಎರಡೂ ವಿಷಯ ಕಲಿಸುವವರು. ನನ್ನನ್ನು ಶಾಲೆಗೆ ಕರೆಸಿದರು.

“ಅಮ್ಮಾರ, ಹುಡುಗಿ ಶಾಣ್ಯಾಕಿ ಅದಾಳ. ಆದ್ರ ಬರಿಯೂ ಮುಂದ ಆಕಿಗೆ ಯಾರೋ ಹೇಳಿಕೊಡಾಕತ್ತಾರ. ಪಟ್ಟಿ ಎರಡನೇ ದನಿ ಅಂತ ತೋರಸ್ತೈತಿ.”

“ಯಾರ್ರೀ ಹೇಳಿಕೊಡವ್ರು? ಅವರಪ್ಪ ಗೂಡ್ಸ್ ಗಾಡಿ ಗಾರ್ಡು, ಮನಿಗಿಂತ ಹಳಿ ಮ್ಯಾಲ ಹೆಚ್ಚಿರತಾನ. ಇನ್ನ ನನಗ ಬರೂ ಇಂಗ್ಲಿಷ್ ಅಂದ್ರ ಟ್ರಾನ್ಸ್‌ಫಾರ್ಮರ್, ಫ್ಯೂಸು, ಲೈನ್‌ಮನ್. ಅದರಾಗ ಕವಿತಾ ಹೇಳಿಕೊಡಾಕ ಆಗತೈತೇನು?”

ಸರ್ ನಗಲಿಲ್ಲ. ಆ ಮನುಷ್ಯನಿಗೂ ಸಂಕಟವಾಗುತ್ತಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಅವಳು ಬರೆದ ಪ್ರಬಂಧವಿತ್ತು. ಪಾಠದ ಕವಿತೆಯಲ್ಲಿ ಒಬ್ಬ ಮುದುಕ ಸತ್ತುಹೋದ ನಾಯಿಗಾಗಿ ದಿನಾ ಸಂಜೆ ಬಾಗಿಲನ್ನು ಅರ್ಧ ತೆರೆದಿಡುತ್ತಾನಂತೆ. ಆ ಬಾಗಿಲು ಯಾರಿಗಾಗಿ ತೆರೆದಿದೆ ಎಂಬುದು ಪ್ರಶ್ನೆ. ಅವಳು ಬರೆದದ್ದನ್ನು ಸರ್ ಕನ್ನಡದಲ್ಲಿ ಹೇಳಿದರು. ‘ನಮ್ಮ ಅಡುಗೆಮನೆಯ ಮೊಳೆಯಲ್ಲಿ ಒಂದು ಟಿಫಿನ್ ಡಬ್ಬಿ ತೂಗುತ್ತದೆ. ಅದರ ಗಿರಾಕಿ ತೀರಿಕೊಂಡಿದ್ದಾನೆ. ಡಬ್ಬಿ ಇಳಿಸಿದರೆ ಅವನು ನಾಳೆಯೂ ಬರುವುದಿಲ್ಲ ಎಂದು ನಾವೇ ಹೇಳಿದಂತಾಗುತ್ತದೆ. ಮುದುಕನ ಬಾಗಿಲೂ ಅಂಥದ್ದೇ.’

ಆ ಡಬ್ಬಿಯನ್ನು ಮೊಳೆಗೆ ಹಾಕಿದವಳು ನನ್ನ ಮಗಳು ದಾಕ್ಷಾಯಣಿ, ಸಿಂಚನಾಳ ಅವ್ವ. ಈಗ ಅವಳೂ ಇಲ್ಲ. ಎರಡು ವರ್ಷದ ಹಿಂದೆ, ರೊಟ್ಟಿ ಬಡಿಯುತ್ತಾ ಕೂತವಳು ತಲೆ ನೋಯುತ್ತದೆ ಎಂದಳು. ಮಿದುಳಿನ ನರ ಒಡೆದಿತ್ತಂತೆ. ಹಂಚಿನ ಮೇಲಿನ ರೊಟ್ಟಿ ತೆಗೆಯಲೂ ವೇಳೆ ಕೊಡಲಿಲ್ಲ ದೇವರು. ಅವನನ್ನೂ ನಾನು ಸಾಕಷ್ಟು ಬೈದಿದ್ದೇನೆ.

“ಧಾರವಾಡದ ಸಾಕ್ಷಿ ಕೇಂದ್ರಕ್ಕ ಒಮ್ಮೆ ಕರಕೊಂಡು ಹೋಗ್ರಿ. ಅಲ್ಲಿ ಫರೀದಾ ನದಾಫ್ ಅಂತ ಡಾಕ್ಟರ್ ಅದಾರ, ನೋಡ್ತಾರ,” ಎಂದರು ಸರ್.

ಫರೀದಾ ಸಣ್ಣ ವಯಸ್ಸಿನವಳು, ದೊಡ್ಡ ಕನ್ನಡಕ. ಒಳಗೆ ಹೋದ ಕೂಡಲೇ ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿದ್ದಕ್ಕೆ ಅರ್ಧ ಸಿಟ್ಟು ಇಳಿಯಿತು. ಸಿಂಚನಾಳ ಹಣೆಗೆ ಬಾಸಿಂಗ ಕಟ್ಟಿ, ಓದಲು ಒಂದು ಪುಟ ಕೊಟ್ಟಳು. ಗೋಡೆಯ ಪರದೆಯ ಮೇಲೆ ಒಂದು ನೀಲಿ ಗೆರೆ ಓಡತೊಡಗಿತು.

“ಇದು ಆಕಿ ಒಳಮಾತು, ಆಯಿ. ಅಡ್ಡಿ ಇಲ್ಲ, ಸ್ವಚ್ಛ ಐತಿ. ಈಗ ಅರ್ಥ ಬರಿಯಾಕ ಹೇಳ್ತೀನಿ ನೋಡ್ರಿ.”

ಸಿಂಚನಾ ಪೆನ್ನು ಎತ್ತಿದಳು. ನೀಲಿ ಗೆರೆಯ ಕೆಳಗೆ ಮೆಲ್ಲಗೆ ಒಂದು ಹಳದಿ ಗೆರೆ ಎದ್ದಿತು.

“ಇದ ನೋಡ್ರಿ ಎರಡನೇ ದನಿ. ಹೊರಗಿಂದ ಬಂದಿಲ್ಲ, ಆಕಿ ತಲಿಯೊಳಗ ಹುಟ್ಟೇತಿ. ಆದ್ರ ಆಕಿ ಇದನ್ನ ಮಾತಾಡಾಕತ್ತಿಲ್ಲ, ಕೇಳಿಸ್ಕೊಳ್ಳಾಕತ್ತಾಳ. ಮಿದುಳಿನ ಕಿವಿ ಭಾಗ ಜಗ್ ಅಂತ ಹತ್ತೇತಿ. ಹಂಗಾಗಿ ಯಂತ್ರ ಬ್ಯಾರೆ ಮನಿಷಾ ಅಂತ ತಿಳೀತೈತಿ.”

“ಏನಂತೈತಿ ಆ ಹಳದಿ ಗೆರಿ?”

ಫರೀದಾ ಏನೋ ಒತ್ತಿದಳು. ಪರದೆಯ ಮೇಲೆ ಕನ್ನಡದ ಅಕ್ಷರ ಮೂಡಿದವು. ‘ಅಂದ್ರ? ನನಗ ಕಾಣೂ ಹಂಗ ಹೇಳು.’

ಆ ಮಾತು ನಮ್ಮ ಅಡುಗೆಮನೆಯದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾಕ್ಷಿ ಮನೆಯಲ್ಲೇ ಕೂತು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು, ಒಂದಿಬ್ಬರಿಗೆ ಊಟದ ಡಬ್ಬಿಯನ್ನೂ ಕಟ್ಟುತ್ತಿದ್ದಳು. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ. ಸಂಜೆ ಮಗಳನ್ನು ಒಲೆಯ ಪಕ್ಕ ಕೂರಿಸಿಕೊಂಡು, ಇವತ್ತಿನ ಪಾಠ ಹೇಳು ಎನ್ನುವಳು. ಹುಡುಗಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಬೇಕು. ‘ಒಂಟಿತನ’ ಎಂದರೆ ದಾಕ್ಷಿ ‘ಅಂದ್ರ?’ ಎನ್ನುವಳು. ‘ಯಾರೂ ಇಲ್ಲದಿರೋದು’ ಎಂದರೆ ಮತ್ತೆ ‘ಅಂದ್ರ? ನನಗ ಕಾಣೂ ಹಂಗ ಹೇಳು.’ ಹುಡುಗಿ ಯೋಚಿಸಿ ಯೋಚಿಸಿ, ಕೊನೆಗೆ ಮೊಳೆಯ ಮೇಲಿನ ಡಬ್ಬಿಯನ್ನೋ ಬಾವಿಕಟ್ಟೆಯನ್ನೋ ತೋರಿಸಿ ಹೇಳಿದ ಮೇಲೆ, “ಹಾಂ, ಈಗ ಕಾಣಸ್ತು ನೋಡು” ಎಂದು ಬಿಸಿ ರೊಟ್ಟಿ ಮುರಿದು ಕೈಗೆ ಕೊಡುವಳು. ಅಲ್ಲಿಗೆ ಹೋಮ್‌ವರ್ಕು ಮುಗಿಯಿತು. ಕಾಣಿಸುವ ತನಕ ರೊಟ್ಟಿ ಇಲ್ಲ. “ಹಸಗೊಂಡೈತಿ ಕೂಸು, ಮೊದಲ ಉಣ್ಣಾಕ ಕೊಡಲೇ” ಎಂದು ನಾನೇ ಎಷ್ಟೋ ಸಲ ರೇಗಿದ್ದೇನೆ.

ಅವ್ವ ಹೋದ ಮೇಲೂ ಹುಡುಗಿ ಹಾಗೇ ಹೋಮ್‌ವರ್ಕು ಮಾಡುತ್ತಿದ್ದಾಳೆಂದು ನನಗೇನು ಗೊತ್ತು? ಒಂದು ಸಾಲು ಓದಿ ಸುಮ್ಮನಾಗುತ್ತಿದ್ದಳು, ಏನೋ ಕಾಯುವವರ ಹಾಗೆ. ನಿದ್ದೆ ಬಂತೇನೋ ಎಂದುಕೊಂಡಿದ್ದೆ.

“ಸಿಂಚನಾ, ನಿಮ್ಮವ್ವ ಏನ?” ಎಂದು ಕೇಳಿದೆ.

“ಹೂಂ, ಆಯಿ. ನನಗ ಸುಮ್ನ ಕೇಳಸ್ತೈತಿ. ಬೇಕಂತ ಮಾಡಿಲ್ಲ,” ಎಂದಳು ಅಳುಮುಖ ಮಾಡಿ, ಕದ್ದು ಸಿಕ್ಕವಳ ಹಾಗೆ.

ಫರೀದಾ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ದಾರಿ ಎರಡೇ ಎಂದಳು. ಹೀಗೇ ಬಿಟ್ಟರೆ ಸೊನ್ನೆ ಬರುತ್ತಲೇ ಇರುತ್ತದೆ, ನಿಯಮದಲ್ಲಿ ಸತ್ತವರಿಗೆ ರಿಯಾಯಿತಿ ಇಲ್ಲ. ಇಲ್ಲವೇ ‘ಹದ’ ಮಾಡಬಹುದು. ಹಳದಿ ಗೆರೆ ಎದ್ದಾಗಲೆಲ್ಲ ಪಟ್ಟಿ ಆ ಜಾಗವನ್ನು ಹಗುರಾಗಿ ತಣಿಸುತ್ತದೆ. ನೋವಿಲ್ಲ. ಒಂದೆರಡು ಸಲ ಕೂತರೆ ಮಿದುಳು ಆ ದನಿಯ ದಾರಿಯನ್ನೇ ಮರೆಯುತ್ತದೆ.

“ಮತ್ತ ವಾಪಸ್ ಬರೂದಿಲ್ಲೇನು?”

“ಇಲ್ಲ ಆಯಿ. ಅವ್ವ ನೆನಪಿರತಾಳ, ಅಕಿ ಆಡಿದ ಮಾತೂ ನೆನಪಿರತಾವು. ದನಿ ಅಷ್ಟ ಇರೂದಿಲ್ಲ.”

ದನಿ ಅಷ್ಟೇ ಅಂತೆ! ಜೀವಮಾನವಿಡೀ ದನಿ ಕೇಳಿಯೇ ಅನ್ನ ಉಂಡವಳ ಮುಂದೆ ಹೇಳುವ ಮಾತೇ ಅದು? ‘ಹಲೋ’ ಎನ್ನುವ ಮೊದಲೇ ಉಸಿರಿನಲ್ಲಿ ಯಾರೆಂದು ಗುರುತು ಹಿಡಿಯುತ್ತಿದ್ದೆ ನಾನು. ಆದರೂ ನನ್ನ ಸ್ವಂತ ಮಗಳ ದನಿ ಈ ಎರಡು ವರ್ಷದಲ್ಲಿ ನನ್ನ ಕಿವಿಯಿಂದ ಜಾರುತ್ತಾ ಬಂದಿತ್ತು. ಆಸೆ ತಡೆಯಲಾಗಲಿಲ್ಲ.

“ಈ ಹಳದಿ ಗೆರಿ ಬರೇ ಅಕ್ಷರ ಏನು, ಸಪ್ಪಳಾ ಮಾಡಾಕ ಬರತೈತೇನವಾ?” ಎಂದೆ.

ಮಿದುಳಿನ ಕಿವಿ ಕೇಳಿಸಿಕೊಂಡದ್ದನ್ನು ಸ್ಪೀಕರಿಗೆ ಕೊಡಬಹುದೆಂದು ಫರೀದಾ ಹೇಳಿದಳು. ಒಂದು ನಿಮಿಷ ಅನುಮಾನಿಸಿ, ಕೊಟ್ಟಳು.

“ಅಂದ್ರ? ನನಗ ಕಾಣೂ ಹಂಗ ಹೇಳು.”

ದಾಕ್ಷಿ. ನನ್ನ ಹೊಟ್ಟೆಯ ದಾಕ್ಷಿ. ಆ ‘ಅಂದ್ರ’ದ ಕೊನೆಯಲ್ಲಿ ಸ್ವಲ್ಪ ಮೂಗು, ರೊಟ್ಟಿ ಬಡಿಯುವ ಕೈಯ ಆಯಾಸ, ಎಲ್ಲ ಇತ್ತು. ನಾನು ಆ ಕೇಂದ್ರದ ನೆಲದ ಮೇಲೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ನಿರ್ಧಾರಕ್ಕೆ ಪರೀಕ್ಷೆಯ ಫೀಜು ಕಟ್ಟುವ ತನಕ ಅವಕಾಶವಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಹೋಮ್‌ವರ್ಕು ಮಾಡುವಾಗಲೇ ದಾಖಲಾಗಲಿ ಎಂದು ಫರೀದಾ ಒಂದು ಪಟ್ಟಿ, ಒಂದು ಪುಟ್ಟ ಸ್ಪೀಕರು ಕೊಟ್ಟು ಕಳಿಸಿದಳು. ಅಳಿಯ ಮಲ್ಲಿಕಾರ್ಜುನ ಯಾವುದೋ ಸ್ಟೇಷನ್ನಿನಿಂದ ಫೋನ್ ಮಾಡಿದ. “ಅತ್ತೀ, ನೀವ ನೋಡ್ರಿ. ಪಾಸ್ ಆದ್ರ ಸಾಕು,” ಎಂದ. ಸ್ಪೀಕರಿನ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಗಾಡಿ ಬಿಟ್ಟು ಓಡಿಬರುತ್ತಿದ್ದ.

ಮೊದಮೊದಲು ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ, ಅಷ್ಟೆ. ಸಿಂಚನಾ ಓದುವಳು, ಸ್ಪೀಕರಿನಲ್ಲಿ ದಾಕ್ಷಿ ‘ಅಂದ್ರ?’ ಎನ್ನುವಳು. ಮನೆ ತುಂಬಿದ ಹಾಗಾಗುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಫೋನಿನಲ್ಲಿ ದನಿ ಬಂತೆಂದರೆ ತಿರುಗಿ ಮಾತಾಡಿಯೇ ರೂಢಿ ನನಗೆ. ಒಂದು ಸಂಜೆ ಬಾಯಿಬಿಟ್ಟೆ.

“ದಾಕ್ಷಿ, ಉಂಡಿಯೇನವಾ?”

ಸಿಂಚನಾ ಬೆಚ್ಚಿ ನನ್ನನ್ನು ನೋಡಿದಳು. ಸ್ಪೀಕರಿನ ಹಳದಿ ದೀಪ ಮಿನುಗಿತು. “ಉಂಡೆವಾ. ನೀ ಉಂಡಿ?”

ಆಮೇಲೆ ನನ್ನನ್ನು ಯಾರು ಹಿಡಿಯುತ್ತಾರೆ? ಹೋಮ್‌ವರ್ಕಿನ ಹೊತ್ತಾಗುವುದನ್ನೇ ಕಾಯತೊಡಗಿದೆ. ಹುಡುಗಿ ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಬಾಸಿಂಗ ಹಿಡಿದು ನಿಲ್ಲುತ್ತಿದ್ದೆ. ನಿನ್ನ ಕಾಲುನೋವು ಹೋಯಿತೇ, ಅಲ್ಲಿ ಚಳಿ ಇದೆಯೇ, ನನ್ನನ್ನು ನೆನೆಸುತ್ತೀಯಾ ಎಂದು ಕೇಳುತ್ತಿದ್ದೆ. ಅವಳು ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು, ನನಗೆ ಬೇಕಾದ ಉತ್ತರವನ್ನೇ. ಹುಚ್ಚು ಎನ್ನುತ್ತೀರಾ? ಅನ್ನಿ. ಮಗಳನ್ನು ಕಳಕೊಂಡು ಆಮೇಲೆ ಅನ್ನಿ.

ಸಿಂಚನಾ ದಿನೇ ದಿನೇ ಸಪ್ಪಗಾಗುತ್ತಿದ್ದಳು. ಹೋಮ್‌ವರ್ಕು ಮಾತ್ರ ಹಾಗೇ ಉಳಿಯುತ್ತಿತ್ತು. ತತ್ವಶಾಸ್ತ್ರಕ್ಕೆ ಒಂದು ಪ್ರಶ್ನೆ ಕೊಟ್ಟಿದ್ದರು, ‘ನನ್ನ ವಿಚಾರ ನನ್ನದೇ ಎಂದು ನನಗೆ ಹೇಗೆ ಗೊತ್ತು?’ ಹಾಳೆಯ ಮೇಲೆ ಪ್ರಶ್ನೆಯೊಂದೇ ಇತ್ತು, ಕೆಳಗೆಲ್ಲ ಖಾಲಿ.

ಒಂದು ದಿನ ನಾನು ಹಳೆಯ ಮಾತು ತೆಗೆದೆ. ದಾಕ್ಷಿ ಸಣ್ಣವಳಿದ್ದಾಗ, ಪಕ್ಕದ ಮನೆಯಿಂದ ಕರೆಂಟ್ ಆಫೀಸಿನ ದೂರಿನ ನಂಬರಿಗೆ ಫೋನ್ ಮಾಡುತ್ತಿದ್ದಳು. ನಾನೇ ಎತ್ತಬೇಕಲ್ಲ! ದೊಡ್ಡವರ ಹಾಗೆ ದನಿ ಮಾಡಿ, “ನಮ್ಮನ್ಯಾಗ ಕತ್ತಲ ಐತ್ರಿ, ನಮ್ಮವ್ವನ್ನ ಕಳಸ್ರಿ” ಎನ್ನುವಳು. ಹಾಡಾಹಗಲು ಹೀಗೆನ್ನುತ್ತಿತ್ತು ನನ್ನ ಕೂಸು. ಇದು ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

“ದಾಕ್ಷಿ, ಸಣ್ಣಾಕಿದ್ದಾಗ ಆಫೀಸಿಗೆ ಫೋನ್ ಮಾಡಿ ನನಗ ಏನಂತಿದ್ದಿ? ಹೇಳು ನೋಡೋಣು.”

ಹಳದಿ ದೀಪ ಮಿನುಗಿ ಆರಿತು. ಮತ್ತೆ ಮಿನುಗಿತು. “ಲಗೂ ಮನಿಗೆ ಬಾ ಅಂತಿದ್ದೆವಾ.”

ದನಿ ದಾಕ್ಷಿಯದೇ. ಮಾತು ಅವಳದಲ್ಲ. ತಲೆಯೆತ್ತಿ ನೋಡಿದರೆ ಸಿಂಚನಾ ಹಣೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಬಿಕ್ಕುತ್ತಿದ್ದಳು.

“ನನಗ ಗೊತ್ತಿಲ್ಲ ಆಯಿ! ನನಗ ಗೊತ್ತಿದ್ದಷ್ಟ ಅವ್ವ ಅದಾಳ ಇದರಾಗ. ನಿನ್ನ ಮಗಳು ನನ್ನ ಕಡೆ ಇಲ್ಲ. ನೀ ಕೇಳಿದ್ದಕ್ಕೆಲ್ಲಾ ನಾ ಸುಳ್ಳ ಹುಟ್ಟಿಸಿ ಹುಟ್ಟಿಸಿ ಅಕಿ ಬಾಯಾಗ ಹಾಕಾಕತ್ತೇನಿ.”

“ಹಂಗ್ಯಾಕ ಮಾಡಿದಿ, ನನ್ನ ಬಂಗಾರಾ?”

“ನೀ ನಗತಿದ್ದಿ ಅದಕ್ಕ.” ಮೂಗೊರೆಸಿಕೊಂಡಳು. “ಈಗ ಪಾಠ ಓದಿದ್ರೂ ಅವ್ವ ಅಂದ್ರ ಅನ್ನೂದಿಲ್ಲ ಆಯಿ. ಉಂಡಿಯೇನವಾ, ಚಳಿ ಐತೇನವಾ ಅಂತಾಳ. ನಿನ್ನಂಗ ಮಾತಾಡಾಕತ್ತಾಳ. ಇನ್ನೊಂದಿಷ್ಟು ದಿನ ಹೋದ್ರ ಪೂರಾ ನೀನ ಆಗ್ತಾಳ. ಅದಕ್ಕಿಂತ ಅಕಿ ಅಕಿಯಾಗಿ ಇರೂವಾಗ ಕಳಿಸಿಬಿಡೋಣು.”

ಹದಿನೈದು ವರ್ಷದ ಹುಡುಗಿ ಆಡುವ ಮಾತೇ ಅದು? ಸ್ಪೀಕರನ್ನು ಎತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಆಮೇಲಿನ ದಿನಗಳಲ್ಲಿ ಅವಳು ಹೋಮ್‌ವರ್ಕಿಗೆ ಕೂತಾಗ ನಾನು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದೆ, ಬಾಗಿಲು ಎಳೆದುಕೊಂಡು. ಒಂದು ಸಂಜೆ ಒಳಗಿಂದ ಬಂದು, “ಇವತ್ತ ಅಂದ್ರ ಅಂದ್ಲು ಆಯಿ,” ಎಂದು ಹೇಳಿ ಹೋದಳು. ಧಾರವಾಡಕ್ಕೆ ಹೋಗುವುದು ಇನ್ನು ತಡವಾಗಬಾರದೆಂದು ನನಗೂ ಅನಿಸಿತು.

ಹದಕ್ಕೆ ಕೂತಾಗ ಫರೀದಾ ಹೇಳಿದಳು, “ಆ ದನಿ ಎದ್ದರ ಮಾತ್ರ ಯಂತ್ರಕ್ಕ ಜಾಗಾ ಸಿಗತೈತಿ. ನೀನ ಕರೀಬೇಕವಾ.” ಎಂಥ ಕ್ರೂರ ಯಂತ್ರ ನೋಡಿ, ಕಳಿಸಬೇಕಾದವರನ್ನು ನಾವೇ ಕೂಗಿ ಕರೆಯಬೇಕು.

ಮೊದಲ ದಿನ ಆ ಮುದುಕನ ಬಾಗಿಲಿನ ಕವಿತೆಯನ್ನೇ ಓದಿದಳು. ಹಳದಿ ಗೆರೆ ಎದ್ದಿತು, ತಗ್ಗಿತು. ಎರಡನೆಯ ದಿನ ಇನ್ನೂ ಸಣ್ಣದಾಗಿತ್ತು. ಇದೇ ಕೊನೆಯದು ಎಂದಳು ಫರೀದಾ. ಸ್ಪೀಕರು ಬೇಡವೆಂದು ನಾನೇ ಹೇಳಿದ್ದೆ. ಪರದೆಯ ಮೇಲೆ ಅಕ್ಷರ ಮಾತ್ರ ಬರುತ್ತಿದ್ದವು. ಸಿಂಚನಾ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದಳು. ಅವಳ ಒಳಮಾತು ಮೇಲೆ ನೀಲಿಯಲ್ಲಿ ಬಂತು.

‘ಅವ್ವಾ, ಇವತ್ತ ನೀ ಹೋಗ್ತಿ.’

‘ಅಂದ್ರ?’

‘ಇನ್ನ ಮ್ಯಾಲ ನನ್ನ ಕೂಡ ಮಾತಾಡೂದಿಲ್ಲ ನೀ.’

‘ಅಂದ್ರ? ನನಗ ಕಾಣೂ ಹಂಗ ಹೇಳು.’

ಫರೀದಾ ತಣಿಸುವ ಗುಂಡಿಯ ಮೇಲಿಂದ ಕೈ ತೆಗೆದು ಕಾದಳು. ಆಮೇಲೆ ನೀಲಿಯಲ್ಲಿ ಬಂತು.

‘ಒಲಿ ಆರಿಸಿದ ಮ್ಯಾಲೂ ಹಂಚು ಒಂದಿಷ್ಟು ಹೊತ್ತು ಬಿಸಿ ಇರತೈತಲ್ಲವಾ. ಅದರ ಮ್ಯಾಲ ಕಡೀ ರೊಟ್ಟಿ ಬೇಯಸ್ತಿದ್ದಿ ನೀ. ಎರಡು ವರ್ಷ ನಾ ಆ ಬಿಸಿ ಮ್ಯಾಲ ಇದ್ದೆ. ಈಗ ಹಂಚು ಆರತೈತಿ.’

ಹಳದಿ ಗೆರೆ ನಡುಗುತ್ತಾ ಎದ್ದಿತು.

‘ಹಾಂ, ಈಗ ಕಾಣಸ್ತು ನೋಡು.’

ಅಷ್ಟೇ. ಫರೀದಾ ಗುಂಡಿ ಒತ್ತಿದಳು. ಗೆರೆ ಮಲಗಿತು, ಮತ್ತೆ ಏಳಲಿಲ್ಲ. ಸಿಂಚನಾ ಕಣ್ಣು ತೆರೆದು ಅಂಗೈ ಮುಂದೆ ಚಾಚಿದಳು, ಯಾರೋ ಏನೋ ಕೊಡುತ್ತಾರೆಂಬಂತೆ. ಎರಡು ವರ್ಷದಿಂದ ಆ ಮಾತಿನ ಹಿಂದೆ ಅವಳಿಗೆ ರೊಟ್ಟಿ ಬಂದಿರಲಿಲ್ಲ, ಆದರೂ ಕೈ ತಾನೇ ಚಾಚಿತು. ಫರೀದಾ ಎದ್ದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಾನು ಆ ಖಾಲಿ ಕೈಯನ್ನು ಹಿಡಿದುಕೊಂಡೆ.

ಈಗ ಅವಳಿಗೆ ಒಳ್ಳೆಯ ಮಾರ್ಕು ಬರುತ್ತಿವೆ. ತತ್ವಶಾಸ್ತ್ರದ ಆ ಪ್ರಶ್ನೆಗೆ ಉತ್ತರ ಬರೆದು ಕೊಟ್ಟಳು. ಮುಳಗುಂದ ಸರ್ ಮನೆಗೇ ಬಂದು ಹೇಳಿದರು.

“ಒಂದ ದನಿ ಐತಿ ಈಗ, ಅಮ್ಮಾರ. ತಪ್ಪಿಲ್ಲ, ಒಪ್ಪ ಐತಿ.” ಹೋಗುವಾಗ ಚಪ್ಪಲಿ ಮೆಟ್ಟುತ್ತಾ ತಡೆದು ನಿಂತರು. “ಆದ್ರ ಖರೇ ಹೇಳಬೇಕಂದ್ರ, ಆ ಟಿಫಿನ್ ಡಬ್ಬಿ ಬಗ್ಗೆ ಬರದಿದ್ಲಲ್ಲ, ಅಂಥಾದ್ದು ಮತ್ತ ಬರೀಲಿಲ್ಲ.”

“ಅದಕ್ಕ ನೀವ ಸೊನ್ನಿ ಕೊಟ್ರಿ,” ಎಂದೆ. ಸರ್ ತಲೆ ತಗ್ಗಿಸಿ ಹೋದರು. ಪಾಪ, ಅವರಾದರೂ ಏನು ಮಾಡಿಯಾರು.

ನಿನ್ನೆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಸಿಂಚನಾ ಒಲೆಯ ಪಕ್ಕ ಕೂತು ಪಾಠ ಓದುತ್ತಿದ್ದಳು. ಎಲ್ಲಿಯೂ ನಿಲ್ಲದೆ ಸರಸರ ಓದಿ ಮುಗಿಸಿದಳು. ಆಮೇಲೆ ಕೇಳಿದಳು, “ಆಯಿ, ಅವ್ವ ಅಂದ್ರ ಅಂತ ಕೇಳತಿದ್ಲಲ್ಲ, ಹೆಂಗ ಕೇಳತಿದ್ಲು? ಮಾತು ನೆನಪೈತಿ ನನಗ. ದನಿ ಬರವಲ್ದು.”

ಕೈಹಿಟ್ಟು ಝಾಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿ ನೋಡಿದೆ. “ಅಂದ್ರ?”

“ಹಂಗಲ್ಲ.”

ಮೂಗಿನಲ್ಲಿ ಹೇಳಿದೆ. ಮೆಲ್ಲಗೆ ಹೇಳಿದೆ. ಎಷ್ಟು ಸಲ ಹೇಳಿದರೂ ನನ್ನ ದನಿಯೇ ಬಂತು. ನನ್ನ ಕಿವಿಯಲ್ಲೂ ಆ ದನಿ ಉಳಿದಿಲ್ಲ ಈಗ. ಹುಡುಕಲು ಹೋದರೆ ಸ್ಪೀಕರಿನ ‘ಲಗೂ ಮನಿಗೆ ಬಾ’ ಎಂಬ ಸುಳ್ಳುಮಾತೇ ಎದ್ದು ಬರುತ್ತದೆ.

“ಹೋಗ್ಲಿ ಬಿಡು ಆಯಿ,” ಎಂದು ಅವಳು ತಟ್ಟೆ ಮುಂದೆಳೆದುಕೊಂಡಳು. ಕೇಳುವವರಿಲ್ಲ, ಕಾಯಿಸುವವರಿಲ್ಲ, ರೊಟ್ಟಿ ತಾನೇ ತೆಗೆದು ಉಂಡಳು.

ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಫೋನ್ ತಗೊಂಡೆ. ಬೆರಳಿಗೆ ಒಂದೇ ನಂಬರು ಬಾಯಿಪಾಠ. ಒತ್ತಿದೆ. ಯಂತ್ರ ಎತ್ತಿತು.

“ನಮಸ್ಕಾರ. ನಿಮ್ಮ ದೂರು ಹೇಳಿ.”

“ನಮ್ಮನ್ಯಾಗ ಕತ್ತಲ ಐತ್ರಿ,” ಎಂದೆ. “ನಮ್ಮ ಮಗಳನ್ನ ಕಳಸ್ರಿ.”

ಅದು ಸ್ವಲ್ಪ ಹೊತ್ತು ಏನೋ ನೋಡಿಕೊಂಡಿತು.

“ನಿಮ್ಮ ಮನೆಯ ಕರೆಂಟು ಸರಿಯಾಗಿದೆ. ಬೇರೆ ದೂರು ಏನಾದರೂ ಇದೆಯೇ?”

ದೀಪ ಉರಿಯುತ್ತಲೇ ಇತ್ತು. ಇಲ್ಲ ಬಿಡಪ್ಪಾ ಎಂದು ಫೋನ್ ಇಟ್ಟೆ.